ಬಚ್ಚಲ ಒಲೆಯ ಲೆಕ್ಕಾಚಾರ

ಉಡುಪಿ ಜಿಲ್ಲೆಯ ಮನೆಗಳಲ್ಲಿ ಅಡುಗೆಮನೆ ಬಿಟ್ಟರೆ ಬೆಂಕಿ ಉರಿಯುವ ಇನ್ನೊಂದು ಜಾಗ ಬಚ್ಚಲು. ಚಳಿ ದೇಶಗಳಲ್ಲಿ ಕೋಣೆಯ ಮೂಲೆಯಲ್ಲಿ ಕೂರುವ, ಗಾಜಿನ ಬಾಗಿಲಿನ ಎರಕದ ಕಬ್ಬಿಣದ ಒಲೆಗೆ ಈ ಕಡೆ ಹೊಂದುವ ವಸ್ತು ಯಾವುದೆಂದು ಹುಡುಕಿದರೆ ಸಿಗುವುದು ಹಂಡೆಯ ಬುಡದ ಒಲೆ, ಇಲ್ಲವೇ ಅದರ ಈಚಿನ ರೂಪವಾದ ಕಟ್ಟಿಗೆ ಬಾಯ್ಲರ್. ಕೋಣೆ ಕಾಯಿಸುವ ಅಗತ್ಯ ಇಲ್ಲಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲೂ ಉಡುಪಿ, ಕಾಪುಗಳಲ್ಲಿ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಇನ್ನಷ್ಟು ಇಳಿದರೂ ಒಂದು ಕಂಬಳಿ ತಡೆಯದ ಚಳಿಯೇನಲ್ಲ. ಮನೆಗೆ ಕಟ್ಟಿಗೆ ಒಲೆ ಕೊಳ್ಳುವ, ಕೂರಿಸುವ ಮಾತು ಬಂದಾಗ ಕರಾವಳಿಯಲ್ಲಿ ಅದು ಬಿಸಿನೀರಿನ ಮಾತು ಎಂದೇ ಹಿಡಿಯಬೇಕು.

ಆದರೂ ನೀರು ಕಾಯುವ ಹೊತ್ತಿಗೆ ಮನೆಗೆ ಇನ್ನೊಂದು ಉಪಕಾರ ಆಗುತ್ತದೆ, ಅದನ್ನು ಮೊದಲೇ ಹೇಳಬೇಕು. ಈ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಜನರನ್ನು ಕಾಡುವುದು ತಂಪಲ್ಲ, ತೇವ. ಹಗ್ಗದಲ್ಲಿ ಮೂರು ದಿನ ನೇತಾಡಿದ ಬಟ್ಟೆಗೆ ಮುಗ್ಗುಲು ವಾಸನೆ, ಪುಸ್ತಕದ ರಟ್ಟಿಗೆ ಬಿಳಿ ಬೂಷ್ಟು, ಉಪ್ಪಿನ ಭರಣಿಯಲ್ಲಿ ನೀರು. 25 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವ ಹೊತ್ತ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಸಾಪೇಕ್ಷ ತೇವಾಂಶ ಶೇಕಡಾ 67ರ ಸುತ್ತ ಇಳಿಯುತ್ತದೆ. ನೀರಿನ ಆವಿ ಎಲ್ಲೂ ಹೋಗಿರುವುದಿಲ್ಲ, ಗಾಳಿಗೆ ಅದನ್ನು ಹೊರುವ ತಾಕತ್ತು ಹೆಚ್ಚಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿ, ಪುನರ್ಪುಳಿ ಸಿಪ್ಪೆ, ಬಿತ್ತನೆಯ ಬೀಜ ಕೆಡದೆ ಉಳಿಯುತ್ತಿದ್ದುದರ ಗುಟ್ಟು ಅರ್ಧ ಈ ಐದು ಡಿಗ್ರಿಯಲ್ಲಿದೆ, ಇನ್ನರ್ಧ ಹುಳ ಹತ್ತಿರ ಸುಳಿಯಗೊಡದ ಹೊಗೆಯಲ್ಲಿದೆ. ಮಗುವಿರುವ ಮನೆಯವರು ಮಳೆಗಾಲದ ಆಟಿ ತಿಂಗಳಲ್ಲಿ ಬಚ್ಚಲ ಒಲೆಯ ಎದುರು ಬಿದಿರ ಗಳು ಕಟ್ಟಿ ಬಟ್ಟೆ ಹರಗುವುದು ಇದೇ ಕಾರಣಕ್ಕೆ.

ಒಲೆಗೆ ಎದುರಾಳಿಗಳು ಮೂವರು: ವಿದ್ಯುತ್ ಗೀಸರ್, ಗ್ಯಾಸ್ ಗೀಸರ್, ಛಾವಣಿಯ ಮೇಲಿನ ಸೋಲಾರ್. ಇವು ಬಂದ ಮೇಲೆ ಹಂಡೆ ಗುಜರಿಗೆ ಹೋಗಬೇಕಿತ್ತು; ಪೇಟೆಯಲ್ಲಿ ಹೋಗಿಯೂ ಇದೆ. ಹಳ್ಳಿಯಲ್ಲಿ ಹೋಗಲಿಲ್ಲ. ಕೇಂದ್ರ ಸರ್ಕಾರದ ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾದ ಮೇಲೆ ಗ್ಯಾಸ್ ಇಲ್ಲದಿದ್ದ ಅಡುಗೆಮನೆಗಳಿಗೂ ಸಿಲಿಂಡರ್ ಬಂತು. ಬಚ್ಚಲಿನ ಬೆಂಕಿ ಮಾತ್ರ ಹಾಗೇ ಉಳಿಯಿತು. ಅನ್ನಕ್ಕೆ ಉರಿಸುವ ಗ್ಯಾಸನ್ನು ಮೀಯುವ ನೀರಿಗೆ ಉರಿಸಲು ಮನೆಯ ಹಿರಿಯರಿಗೆ ಮನಸ್ಸು ಬರುವುದಿಲ್ಲ. ಹಿತ್ತಿಲಲ್ಲಿ ಮೂರು ದಿನಕ್ಕೊಂದು ತೆಂಗಿನ ಮಡಲು ಬೀಳುತ್ತಿರುವಾಗ ಅದನ್ನು ಏನು ಮಾಡುವುದೆಂಬ ಪ್ರಶ್ನೆಯೂ ಇದೆ. ಈ ಮನೋಭಾವವನ್ನು ಹಳೆ ಕಾಲದ ಹಟ ಎಂದು ತಳ್ಳಿಹಾಕುವವರು ಒಮ್ಮೆ ಲೆಕ್ಕ ಮಾಡಿ ನೋಡಬೇಕು.

ಐದು ಜನರ ಮನೆ, ತಲೆಗೆ 20 ಲೀಟರ್, ಒಟ್ಟು 100 ಲೀಟರ್ ನೀರು. ಬಾವಿಯ ನೀರು 26 ಡಿಗ್ರಿ ಇದ್ದು ಮೀಯಲು 42 ಡಿಗ್ರಿ ಬೇಕೆಂದರೆ ಏರಿಸಬೇಕಾದದ್ದು 16 ಡಿಗ್ರಿ. ಇದಕ್ಕೆ ಬೇಕಾದ ಶಾಖ ಸುಮಾರು 6.7 ಮೆಗಾಜೂಲ್. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖವಿದೆ. ಅಷ್ಟೂ ನೀರಿಗೇ ಸೇರುವಂತಿದ್ದರೆ ಅರ್ಧ ಕಿಲೋದೊಳಗೆ ಐವರ ಸ್ನಾನ ಮುಗಿಯಬೇಕು. ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿ ಹಾಕಿದರೆ ನೀರಿಗೆ ಸೇರುವುದು ಶೇಕಡಾ 10ರಿಂದ 15 ಮಾತ್ರ. ಆಗ ಮೂರರಿಂದ ನಾಲ್ಕೂವರೆ ಕಿಲೋ ಬೇಕು. ಸುತ್ತ ಕಟ್ಟಿದ, ಜಾಲರಿ ಮತ್ತು ಹೊಗೆಕೊಳವೆ ಇರುವ ಒಲೆಯಲ್ಲಿ ಶೇಕಡಾ 30 ಸಿಕ್ಕಿದರೂ ಒಂದೂವರೆ ಕಿಲೋ ಸಾಕು. ಎರಡರಿಂದ ಮೂರು ಪಟ್ಟಿನ ಈ ವ್ಯತ್ಯಾಸ ಒಲೆಯದೇ.

ಇದೇ ನೀರನ್ನು ಗೀಸರ್ ಎರಡು ಯೂನಿಟ್ಟಿನ ಚೂರು ಹೆಚ್ಚುಕಡಿಮೆಯಲ್ಲಿ ಕಾಯಿಸುತ್ತದೆ. ಸ್ವಿಚ್ ಹಾಕಿದವನಿಗೆ ಹೊಗೆಯಿಲ್ಲ, ಮಸಿಯಿಲ್ಲ. ಆದರೆ ಕಾಪು ತಾಲೂಕಿನ ಎಲ್ಲೂರಿನಲ್ಲೇ 1200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ, ಹೊರದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲನ್ನು ಅಲ್ಲಿ ಉರಿಸುತ್ತಾರೆ. ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ತಂತಿಯಲ್ಲಿ ಕಳೆದುಹೋಗುವುದನ್ನು ಬಿಟ್ಟರೆ ಮನೆಗೆ ಮುಟ್ಟುವುದು ಹೆಚ್ಚುಕಡಿಮೆ ಅಷ್ಟೇ. ಎಂದರೆ ಇಂಧನದ ಶಾಖದಲ್ಲಿ ಎಷ್ಟು ಪಾಲು ನೀರಿಗೆ ಸೇರಿತು ಎಂದು ಅಳೆದರೆ ಕಲ್ಲಿದ್ದಲು ಉರಿಸಿ ನಡೆಸುವ ಗೀಸರೂ ಒಳ್ಳೆಯ ಬಚ್ಚಲ ಒಲೆಯೂ ಅಕ್ಕಪಕ್ಕ ನಿಲ್ಲುತ್ತವೆ. ಇದೇ ಜಿಲ್ಲೆಯ ಹೊಸಂಗಡಿಯಲ್ಲಿ ನೆಲದಡಿ ಇರುವ 460 ಮೆಗಾವಾಟ್‌ನ ವಾರಾಹಿ ಜಲವಿದ್ಯುತ್ ಕೇಂದ್ರದಿಂದ ಬಂದ ವಿದ್ಯುತ್ತಾದರೆ ಲೆಕ್ಕ ಬೇರೆ. ಆದರೆ ಗೋಡೆಯ ಪ್ಲಗ್ಗಿಗೆ ಬಂದ ವಿದ್ಯುತ್ತು ಯಾವ ಊರಿನದೆಂದು ಯಾರೂ ಬೇರ್ಪಡಿಸಿ ಕೊಡಲಾರರು. ಗ್ಯಾಸ್ ಗೀಸರಿನಲ್ಲಿ ಶಾಖ ಪೋಲಾಗುವುದು ಕಡಿಮೆ. 14.2 ಕಿಲೋದ ಸಿಲಿಂಡರ್ ಈ ಮನೆಯ ಸ್ನಾನಕ್ಕೆ ಎರಡೂವರೆ ತಿಂಗಳು ಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದನ್ನು ಉರಿಸಿದರೆ ಮಾತ್ರ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಂಡು ಪ್ರಾಣಕ್ಕೆ ಸಂಚಕಾರ.

ಸೋಲಾರ್‌ಗೆ ಈ ಯಾವ ದೋಷವೂ ಇಲ್ಲ. ಅಕ್ಟೋಬರ್‌ನಿಂದ ಮೇ ತನಕ ಅದರ ಮುಂದೆ ಯಾವ ಒಲೆಯೂ ನಿಲ್ಲದು, ನಿಲ್ಲಿಸಲು ಹೋಗಲೂ ಬಾರದು. ತಕರಾರು ಒಂದೇ: ಬಿಸಿನೀರು ತೀರಾ ಬೇಕೆನಿಸುವ ಜುಲೈನಲ್ಲಿ ಕಾರ್ಕಳದ ಆಕಾಶ ವಾರಗಟ್ಟಲೆ ತೆರೆಯುವುದಿಲ್ಲ. ಒಳಗಿನ ವಿದ್ಯುತ್ ಕಾಯಿಲ್ ಹಾಕಿಯೇ ಸ್ನಾನ ಮಾಡಬೇಕೆಂದಾಗ, ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದು ಕರೆಂಟೂ ಇರುವುದಿಲ್ಲ. ಹಾಗಾಗಿ ಹಿತ್ತಿಲಿರುವ ಮನೆಗೆ ಎಂಟು ತಿಂಗಳು ಸೋಲಾರ್, ನಾಲ್ಕು ತಿಂಗಳು ಕಟ್ಟಿಗೆ ಎಂಬ ಹಂಚಿಕೆ ಸರಿಯಾದದ್ದು. ವರ್ಷವಿಡೀ ಕಟ್ಟಿಗೆಯೇ ಸಾಕೆನ್ನುವುದು ದುಡಿಯುವ ಕೈಗಳ ಬೆಲೆ ಹಿಡಿಯದ ಮಾತು. ಆ ಕೈಗಳು ಹೆಚ್ಚಿನ ಮನೆಗಳಲ್ಲಿ ಹೆಂಗಸರವು.

ಒಲೆ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಒಲೆಯನ್ನಲ್ಲ, ಕಟ್ಟಿಗೆ ಇಡುವ ಜಾಗವನ್ನು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅಂಥ ಒಂದು ಕಿಲೋ ಒಲೆಗೆ ಹಾಕಿದರೆ ಉರಿಯುವುದು ಅರ್ಧ ಕಿಲೋ, ಉಳಿದರ್ಧ ಕಿಲೋ ನೀರನ್ನು ಆವಿ ಮಾಡಲು ಆ ಉರಿಯೇ ದುಡಿಯಬೇಕು. ಕೊನೆಗೆ ಕೈಗೆ ಸಿಗುವುದು 8 ಮೆಗಾಜೂಲ್‌ಗೂ ಕಡಿಮೆ, ಒಣಗಿದ ಕಟ್ಟಿಗೆಯ ಅರ್ಧದಷ್ಟು. ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಒದ್ದೆ ಕಟ್ಟಿಗೆಯ ಉರಿ ತಣ್ಣಗಿರುತ್ತದೆ, ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಕೊಳವೆಗೆ ಏರುತ್ತವೆ, ಅಲ್ಲಿ ತಣಿದು ಟಾರಿನಂತಹ ಕಪ್ಪು ಅಂಟಾಗಿ ಕೂರುತ್ತವೆ. ಮಳೆಗಾಲದ ಒಲೆಯ ಬಗ್ಗೆ ಜನ ಹೇಳುವ ದೂರುಗಳಲ್ಲಿ ಹತ್ತಕ್ಕೆ ಎಂಟು ಒಲೆಯ ಮೇಲಿನ ದೂರುಗಳಲ್ಲ, ಕಟ್ಟಿಗೆಯ ಮೇಲಿನವು. ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ಚಿಲ್ಲರೆಯಾಗಿ ಮಾರುವ ಕಟ್ಟಿಗೆಯಲ್ಲಿ ತೇವಾಂಶ ಶೇಕಡಾ 20ನ್ನು ಮೀರಬಾರದೆಂದು ಕಾನೂನೇ ಮಾಡಿದ್ದಾರೆ. ಮಳೆಯ ಊರಾದ ಉಡುಪಿಯಲ್ಲಿ ಅಂಥ ಕಾನೂನಿಲ್ಲದಿದ್ದರೂ ಪದ್ಧತಿ ಇದೆ.

ಪದ್ಧತಿಯ ಅತ್ಯಂತ ದೊಡ್ಡ ಮಾದರಿ ಶ್ರೀಕೃಷ್ಣ ಮಠದಲ್ಲೇ ನೋಡಲು ಸಿಗುತ್ತದೆ. ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಪೂಜೆಯ ಸರದಿ, ಎಂದರೆ ಪರ್ಯಾಯ, ಕೈ ಬದಲಾಗುವ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಕಟ್ಟಿಗೆ ಮುಹೂರ್ತದಲ್ಲಿ ಆರಂಭವಾಗಿ ಸೌದೆ ರಥದ ಆಕಾರದಲ್ಲಿ ಎದ್ದು ನಿಲ್ಲುತ್ತದೆ. ನೋಡುವವರಿಗೆ ಅದು ಅಲಂಕಾರ, ಶಾಸ್ತ್ರ. ಹತ್ತಿರ ಹೋಗಿ ನೋಡಿದರೆ ಸೀಳಿದ ಸೌದೆಯ ನಡುವೆ ಗಾಳಿ ಆಡುತ್ತದೆ. ಸಾವಿರಾರು ಜನರಿಗೆ ದಿನವೂ ಅನ್ನ ಬೇಯಿಸಬೇಕಾದವರು ತಿಂಗಳುಗಟ್ಟಲೆ ಮೊದಲೇ ಕಟ್ಟಿಗೆ ಕೂಡಿಹಾಕಿ ಒಣಗಿಸುತ್ತಾರೆ ಎಂಬ ವ್ಯವಹಾರಜ್ಞಾನಕ್ಕೆ ಮುಹೂರ್ತದ ಮರ್ಯಾದೆ ಸಿಕ್ಕಿದೆ.

ಮನೆಮಟ್ಟದಲ್ಲಿ ಇದರ ಗಡುವು ಪತ್ತನಾಜೆ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ತುಳುನಾಡಿನಲ್ಲಿ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ನಿಂತು ಗೆಜ್ಜೆ ಬಿಚ್ಚುವಾಗ ಮಳೆಗಾಲದ ಕಟ್ಟಿಗೆ ಸೂರಿನಡಿ ಸೇರಿರಬೇಕು. ಜನವರಿ, ಫೆಬ್ರವರಿಯಲ್ಲಿ ಕಡಿದು ಸೀಳಿದ ಕಟ್ಟಿಗೆಗೆ ಮೂರು ತಿಂಗಳ ರಣಬಿಸಿಲು ಸಿಗುತ್ತದೆ. ಸೀಳದೆ ಉರುಟಾಗಿಯೇ ಬಿಟ್ಟ ಕೊರಡು ಸಿಪ್ಪೆಯೊಳಗೆ ನೀರು ಹಿಡಿದುಕೊಂಡು ಕೂರುತ್ತದೆ, ಮೇ ಬಂದರೂ ಒಣಗುವುದಿಲ್ಲ. ಕಟ್ಟಿಗೆ ಕೊಟ್ಟಿಗೆಯ ನೆಲದಿಂದ ಒಂದು ಕೆಂಪುಕಲ್ಲಿನ ಎತ್ತರ ಬಿಟ್ಟು ಅಡ್ಡ ಮರ ಹಾಕಿ ಅದರ ಮೇಲೆ ಒಟ್ಟಬೇಕು. ಒಂದು ಬದಿಯಾದರೂ ಗಾಳಿಗೆ ತೆರೆದಿರಬೇಕು. ನಾಲ್ಕೂ ಕಡೆ ಟರ್ಪಾಲು ಸುತ್ತಿಟ್ಟರೆ ಒಳಗೆ ಅಣಬೆ ಏಳುತ್ತದೆ. ಒಣಗಿತೋ ಇಲ್ಲವೋ ಎನ್ನಲು ಯಂತ್ರ ಬೇಡ: ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ ಎನ್ನುತ್ತದೆ, ಒದ್ದೆಯದು ದಬ್ ಎನ್ನುತ್ತದೆ. ಒದ್ದೆಯದನ್ನು ಒಲೆಗಿಟ್ಟರೆ ಹೊರಗುಳಿದ ತುದಿಯಲ್ಲಿ ನೊರೆ ಉಕ್ಕಿ ಚುಂಯ್‌ಗುಟ್ಟುತ್ತದೆ.

ಎಷ್ಟು ಕೂಡಿಡಬೇಕು? ದಿನಕ್ಕೆ ಎರಡು ಕಿಲೋ ಹಿಡಿದರೆ 120 ದಿನಕ್ಕೆ 240 ಕಿಲೋ. ಇದಕ್ಕಾಗಿ ಮರ ಕಡಿಯುವ ಪ್ರಮೇಯವೇ ಹೆಚ್ಚಿನ ಹಿತ್ತಿಲುಗಳಲ್ಲಿ ಬರುವುದಿಲ್ಲ. ಬೆಳೆದ ತೆಂಗಿನ ಮರ ಸುಮಾರು ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಮಡಲು ಉದುರಿಸುತ್ತದೆ. ಹತ್ತು ಮರಕ್ಕೆ 120 ಮಡಲು. ಒಣಗಿದ ಒಂದೊಂದನ್ನು ಒಂದೂವರೆ ಕಿಲೋ ಎಂದುಕೊಂಡರೂ 180 ಕಿಲೋ ಆಯಿತು. ಮೇಲೆ ಸಿಪ್ಪೆ, ಗೆರಟೆ, ಕೊತ್ತಳಿಗೆ ಬೇರೆ. ಗೆರಟೆ ಸಣ್ಣಗಾದರೂ ಇವುಗಳಲ್ಲೆಲ್ಲ ಗಟ್ಟಿ ಇಂಧನ, ಅದರ ಉರಿ ಜೋರು. ಹೊತ್ತಿಸಲು ಮಡಲಿನ ಗರಿ, ಕಾವು ಹಿಡಿಯಲು ಕೊತ್ತಳಿಗೆ, ಕೊನೆಗೆ ಎರಡು ಗೆರಟೆ ಎಂಬುದು ಕೈ ಪಳಗಿದವರ ಕ್ರಮ. ಕಾಪುವಿನ ಕಡಲ ಬದಿಯಲ್ಲಿ ಗಾಳಿಮರದ ಗೆಲ್ಲುಗಳಿವೆ, ಕಾರ್ಕಳದ ಕಡೆ ರಬ್ಬರ್ ತೋಟದ ಹಳೆ ಮರಗಳು, ಮರದ ಮಿಲ್ಲುಗಳ ಹೊರಪಟ್ಟಿಗಳು ಸಿಗುತ್ತವೆ. ತೆಂಗು, ಗಾಳಿಮರ, ರಬ್ಬರ್‌ಗಳು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿವೆ. ಆ ಪಟ್ಟಿಯಲ್ಲಿಲ್ಲದ ಮರಕ್ಕೆ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ಅದು ಸ್ವಂತ ಜಾಗದ ಮರವಾದರೂ.

ಒಲೆಗೆ ಹಾಕಬಾರದ ಎರಡನ್ನು ಇಲ್ಲೇ ಹೇಳಿಬಿಡಬೇಕು. ಒಂದು, ಗೇರುಬೀಜದ ಸಿಪ್ಪೆ. ಕಾರ್ಕಳದ ಸುತ್ತ ಗೇರುಬೀಜದ ಕಾರ್ಖಾನೆಗಳಿರುವುದರಿಂದ ಅದು ಸುಲಭಕ್ಕೆ ಸಿಗುತ್ತದೆ, ಎಣ್ಣೆಯಂಶ ಇರುವುದರಿಂದ ಭಗ್ಗನೆ ಉರಿಯುತ್ತದೆ. ಆ ಎಣ್ಣೆ ಚರ್ಮ ಸುಡುವಂಥದು, ಅದರ ಹೊಗೆ ಕಣ್ಣು, ಗಂಟಲುಗಳಿಗೆ ಕೆಟ್ಟದ್ದು. ಇನ್ನೊಂದು, ಬೆಂಕಿ ಹಿಡಿಸಲು ಹಾಲಿನ ತೊಟ್ಟೆ ಉರಿಸುವ ಅಭ್ಯಾಸ. ಚಿಮಣಿ ಎಣ್ಣೆ ಪಡಿತರದಿಂದ ಮಾಯವಾದ ಮೇಲೆ ಇದು ಹೆಚ್ಚಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಿಷವನ್ನು ಯಾವ ಕೊಳವೆಯೂ ಇಲ್ಲದಾಗಿಸುವುದಿಲ್ಲ, ಪಕ್ಕದ ಮನೆಗೆ ಸಾಗಿಸುತ್ತದೆ. ಒಣಗಿದ ಮಡಲಿನ ಗರಿ ಇರುವ ಊರಿನಲ್ಲಿ ತೊಟ್ಟೆ ಉರಿಸುವುದು ಬರೀ ಸೋಮಾರಿತನ.

ಈಗ ಒಲೆಯ ಮಾತು. ಅಂಗಡಿಯಲ್ಲೂ ಗಾರೆಯವರ ಕೈಯಲ್ಲೂ ಸಿಗುವುದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹೂತ ಹಂಡೆ: ಕೆಂಪುಕಲ್ಲು ಅಥವಾ ಇಟ್ಟಿಗೆಯ ಕಟ್ಟೆಯೊಳಗೆ ತಾಮ್ರದ ಹಂಡೆಯನ್ನು ಕುತ್ತಿಗೆಯ ತನಕ ಕೂರಿಸಿ, ಬೆಂಕಿಯ ಬಾಯಿಯನ್ನು ಬಚ್ಚಲಿನ ಹೊರಗೋಡೆಯ ಕಡೆಗೆ ಇಡುವುದು. ಉರಿ ಹಂಡೆಯ ಬುಡಕ್ಕೆ ತಾಗಿ, ಸುತ್ತಲಿನ ಸಂದಿಯಲ್ಲಿ ಒಂದು ಸುತ್ತು ಬಂದು ಕೊಳವೆ ಸೇರುವಂತೆ ಕಟ್ಟಿದರೆ ಶಾಖ ಚೆನ್ನಾಗಿ ಹಿಡಿಯುತ್ತದೆ. ಆ ಸಂದಿ ಎರಡು ಬೆರಳಿನಷ್ಟು ಸಾಕು. ನಾಲ್ಕು ಬೆರಳಾದರೆ ಬಿಸಿಗಾಳಿ ಹಂಡೆಯನ್ನು ಮುಟ್ಟದೆ ಹಾದುಹೋಗುತ್ತದೆ, ಒಂದು ಬೆರಳಾದರೆ ಮಸಿ ಕಟ್ಟಿ ಒಲೆ ಉಸಿರುಗಟ್ಟುತ್ತದೆ. ಹಳೆಯ ಗಾರೆಯವರಿಗೆ ಇದು ಗೊತ್ತಿತ್ತು. ಈಗಿನವರಿಗೆ ಹೇಳಿ ಮಾಡಿಸಬೇಕು. ಎರಡನೆಯದು ಬಾಯ್ಲರ್: ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಉದ್ದನೆಯ ಪಾತ್ರೆ, ಅದರ ನಡುಮಧ್ಯೆ ಹಾದುಹೋಗುವ ಹೊಗೆಯ ಕೊಳವೆ. ಬೆಂಕಿಯ ಸುತ್ತ ನೀರೇ ಇರುವುದರಿಂದ ಶಾಖ ತಪ್ಪಿಸಿಕೊಳ್ಳುವುದು ಕಷ್ಟ, ಹತ್ತಿಪ್ಪತ್ತು ನಿಮಿಷದಲ್ಲಿ ನಳ್ಳಿಯಲ್ಲಿ ಬಿಸಿನೀರು.

ಬಾಯ್ಲರ್ ಕೊಳ್ಳುವವರು ನೋಡಲೇಬೇಕಾದದ್ದು ಆವಿ ಹೋಗುವ ದಾರಿ. ಓವರ್‌ಹೆಡ್ ಟ್ಯಾಂಕಿನಿಂದ ನೇರವಾಗಿ ನೀರು ಕೊಟ್ಟು, ಎಲ್ಲ ನಳ್ಳಿ ಮುಚ್ಚಿ, ಬೆಂಕಿ ಹಾಕಿದರೆ ಒಳಗಿನ ನೀರು ಕುದಿದು ಆವಿಗೆ ದಾರಿಯಿಲ್ಲದೆ ಪಾತ್ರೆ ಸಿಡಿಯಬಹುದು. ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಏರಿ ತೆರೆದು ನಿಲ್ಲುವ ಒಂದು ಪೈಪು ಬೇಕು, ಅದಕ್ಕೆ ಎಂದೂ ವಾಲ್ವ್ ಹಾಕಬಾರದು. ನೀರಿಲ್ಲದ ಬಾಯ್ಲರಿಗೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ. ಕಾಪು, ಮಲ್ಪೆಯಂತಹ ಕಡಲ ಬದಿಯಲ್ಲಿ ತೆಳು ತಗಡಿನ ಮೈಗೆ ಉಪ್ಪುಗಾಳಿ ಬೇಗ ತುಕ್ಕು ಹಿಡಿಸುವುದರಿಂದ ಅಲ್ಲಿ ತಾಮ್ರ ಅಥವಾ ದಪ್ಪ ಸ್ಟೀಲಿಗೆ ಹೆಚ್ಚು ಕೊಟ್ಟದ್ದು ವ್ಯರ್ಥವಲ್ಲ.

ಉತ್ತಮ ಒಲೆ ಹೇಗಿರಬೇಕೆಂಬುದನ್ನು ಕರ್ನಾಟಕದಲ್ಲೇ ಶಾಸ್ತ್ರೀಯವಾಗಿ ಯೋಚಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಹಳ್ಳಿಗಳ ಇಂಧನದ ಲೆಕ್ಕ ಹಿಡಿದಾಗ ಅಡುಗೆಯ ನಂತರ ಕಟ್ಟಿಗೆಯ ದೊಡ್ಡ ಪಾಲು ಹೋಗುವುದು ಸ್ನಾನದ ನೀರಿಗೆ ಎಂಬುದು ಅವರಿಗೆ ಕಂಡಿತು. 1980ರ ದಶಕದಲ್ಲಿ ಪ್ರಸಿದ್ಧವಾದ ಅಸ್ತ್ರ ಒಲೆಯ ಸೂತ್ರ ಸರಳ: ಬೆಂಕಿಗೆ ಮುಚ್ಚಿದ ಗೂಡು, ಬುಡದಲ್ಲಿ ಗಾಳಿ ಬರಲು ಜಾಲರಿ, ಬೇಕಾದಷ್ಟೇ ಗಾಳಿ, ಹೊರಗೆ ಹೋಗುವ ಬಿಸಿ ಹೊಗೆಯಿಂದ ಮುಂದಿನ ಪಾತ್ರೆಗೂ ಕಾವು, ಕೊನೆಗೆ ಚಿಮಣಿ. ಅದೇ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಮ್ಮಿಕೊಂಡು ದೇಶದಾದ್ಯಂತ ಒಲೆಗಳನ್ನು ಕಟ್ಟಿಸಿತು. 2002ರಲ್ಲಿ ಅದು ನಿಂತಿತು. ಒಲೆಯ ಸೂತ್ರದಲ್ಲಿ ತಪ್ಪಿರಲಿಲ್ಲ. ಸಬ್ಸಿಡಿಯಲ್ಲಿ ಕಟ್ಟಿಕೊಟ್ಟ ಒಲೆ ಎರಡನೇ ವರ್ಷ ಬಿರುಕು ಬಿಟ್ಟಾಗ, ಕೊಳವೆ ಕಟ್ಟಿಕೊಂಡಾಗ ರಿಪೇರಿಗೆ ಬರುವವರು ಇರಲಿಲ್ಲ. ಈಗ ಹಣ ಕೊಟ್ಟು ಬಾಯ್ಲರ್ ತರುವ ಮನೆಯವರೂ ಇದನ್ನೇ ಕೇಳಬೇಕು: ಜಾಲರಿ ಕರಗಿದರೆ, ಕೊಳವೆ ತೂತಾದರೆ ಬದಲಿಸಿ ಕೊಡುವ ಕೈ ಹತ್ತು ಕಿಲೋಮೀಟರ್ ಒಳಗೆ ಇದೆಯೇ? ಅದಿಲ್ಲದಿದ್ದರೆ ಶೇಕಡಾವಾರು ದಕ್ಷತೆಯ ಮಾತು ಅಂಗಡಿಯವನ ಕಾಗದದಲ್ಲೇ ಉಳಿಯುತ್ತದೆ. ಒಯ್ದಾಡುವ ಅಡುಗೆ ಒಲೆಗಳಿಗೆ ಭಾರತೀಯ ಮಾನಕ ಐಎಸ್ 13152 ಇದ್ದು, ಫ್ಯಾನಿಲ್ಲದ ಒಲೆಯಲ್ಲಿ ಶೇಕಡಾ 25ರ ದಕ್ಷತೆಯನ್ನಾದರೂ ಅದು ಕೇಳುತ್ತದೆ. ಬಚ್ಚಲ ಒಲೆ ಕೊಳ್ಳುವವರಿಗೂ ಅದು ಒಳ್ಳೆಯ ಅಳತೆಗೋಲು.

ಹೊಗೆಕೊಳವೆಯ ವಿಚಾರದಲ್ಲಿ ಜಿಪುಣತನ ಮಾಡಿದರೆ ಒಲೆಗೆ ಹಾಕಿದ ಹಣವೆಲ್ಲ ನೀರುಪಾಲು. ಹಿಂದೆ ಕೊಳವೆಯಿಲ್ಲದೆ ನಡೆಯುತ್ತಿತ್ತಲ್ಲ ಎನ್ನುವವರಿದ್ದಾರೆ. ನಡೆಯುತ್ತಿದ್ದುದು ಹೆಂಚಿನ ಮಾಡಿನಿಂದ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ಮೇಲೆ ಹರಡಿದ ಆ ಮಾಡು ಸಂದುಸಂದಿನಲ್ಲೂ ಉಸಿರಾಡುತ್ತದೆ. ಬೆಳಗ್ಗೆ ದೂರದಿಂದ ನೋಡಿದರೆ ಇಡೀ ಮನೆಯೇ ಹೊಗೆಯಾಡಿದಂತೆ ಕಾಣುವುದುಂಟು. ಅದೇ ಒಲೆಯನ್ನು ತಾರಸಿ ಮನೆಯ ಒಳಬಚ್ಚಲಿಗೆ ತಂದಿಟ್ಟರೆ ಹೊಗೆಗೆ ಹೋಗಲು ಜಾಗವೇ ಇಲ್ಲ, ಕಾರ್ಬನ್ ಮೊನಾಕ್ಸೈಡ್‌ಗೂ ಇಲ್ಲ. ಹೆಂಚಿನ ಮನೆಯಲ್ಲೂ ಹೊಗೆ ಹೊರಗೆ ಹೋಗುತ್ತಿತ್ತಾದರೂ ಒಲೆಯೂದುವವಳ ಎದೆಗೆ ಮೊದಲು ಹೊಕ್ಕೇ ಹೋಗುತ್ತಿತ್ತು. ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲಿನ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಬರುತ್ತಿದ್ದರೆ ಗ್ಯಾಸಿನ ಲಾಭ ಅರ್ಧಕ್ಕರ್ಧ ಹೋಯಿತು.

ಆದ್ದರಿಂದ ಒಲೆಯ ಜಾಗವನ್ನು ಮನೆಯ ಹೊರಗೋಡೆಯ ಆಚೆ, ಬೇಸಿಗೆಯಲ್ಲಿ ಗಾಳಿ ಯಾವ ಕಡೆಯಿಂದ ಎಂದು ನೋಡದೆ, ಮಳೆಗಾಲದ ಪಡುವಣ ಗಾಳಿಯನ್ನು ನೋಡಿ ಆರಿಸಬೇಕು. ಬೆಂಕಿಯ ಬಾಯಿ ಪಡುವಣಕ್ಕಿದ್ದರೆ ಗಾಳಿ ಉರಿಯನ್ನು ನುಗ್ಗಿಸಿ ಹಾಕುತ್ತದೆ, ಎರಚಲು ಮಳೆ ಒಲೆಯನ್ನೇ ನಂದಿಸುತ್ತದೆ. ಕೊಳವೆ ನಾಲ್ಕರಿಂದ ಆರು ಇಂಚು ಅಗಲವಿದ್ದು ಆದಷ್ಟು ನೆಟ್ಟಗೆ ಏರಬೇಕು; ಪ್ರತಿ ತಿರುವೂ ಮಸಿಗೆ ಒಂದು ತಂಗುದಾಣ. ಮಾಡನ್ನು ಸೀಳಿ ಹೊರಬಂದ ಜಾಗದಿಂದ ಮೂರು ಅಡಿಯಾದರೂ ಮೇಲೇರಿ, ಹತ್ತಡಿ ಸುತ್ತಿನಲ್ಲಿ ಮಾಡಿನ ಯಾವ ಭಾಗಕ್ಕಿಂತಲೂ ಎರಡಡಿ ಎತ್ತರ ನಿಂತರೆ ಗಾಳಿ ಹೊಗೆಯನ್ನು ಕೆಳಗೆ ತಳ್ಳುವುದಿಲ್ಲ. ಮಾಡು ದಾಟುವ ಕಡೆ ಪಕ್ಕಾಸು, ರೀಪುಗಳು ಬಿಸಿ ಕೊಳವೆಗೆ ತಾಗಿಕೊಂಡಿದ್ದರೆ ವರ್ಷಗಟ್ಟಲೆ ಕಾವು ಹೀರಿ ಒಂದು ದಿನ ಹೊತ್ತಿಕೊಳ್ಳುತ್ತವೆ. ಒಂಟಿ ಪದರದ ಕೊಳವೆಯಾದರೆ ಮರಕ್ಕೂ ಅದಕ್ಕೂ ಒಂದೂವರೆ ಅಡಿ ಅಂತರ ಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಅಷ್ಟು ಜಾಗ ಬಿಡಲಾಗದಿದ್ದರೆ ಕೊಳವೆಯನ್ನು ಮಾಡಿನ ಹೊರಗಿನಿಂದಲೇ ಏರಿಸುವುದು ವಾಸಿ. ಹಳೆಯ ಸಿಮೆಂಟ್ ಶೀಟಿನ ಜಾತಿಯ ಪೈಪುಗಳು ಕಾವಿಗೆ ಬಿರಿಯುತ್ತವೆ, ಕೊಯ್ಯುವಾಗ ಕಲ್ನಾರಿನ ಧೂಳು ಏಳುತ್ತದೆ. ಅಗ್ಗವೆಂದು ಅವನ್ನು ತರಬಾರದು. ತುದಿಗೆ ಮಳೆಯ ಟೊಪ್ಪಿ ಇರಲಿ. ಪಕ್ಕದಲ್ಲಿ ತೆಂಗಿನ ಮರವಿದ್ದರೆ ಒಣಗಿದ ಮಡಲು ಕೊಳವೆಯ ಬಾಯಿಯ ಮೇಲೆ ನೇತಾಡದ ಹಾಗೆ ನೋಡಿಕೊಳ್ಳಬೇಕು.

ಮಣಿಪಾಲದ ವಸತಿ ಸಮುಚ್ಚಯಗಳಿಗೆ, ಉಡುಪಿ ಪೇಟೆಯ ಐದು ಸೆಂಟ್ಸ್ ಜಾಗದ ಮನೆಗಳಿಗೆ ಇದರಲ್ಲಿ ಯಾವುದೂ ಹೊಂದುವುದಿಲ್ಲ. ಅಲ್ಲಿ ಕಟ್ಟಿಗೆ ಕೊಂಡು ತರಬೇಕು, ಒಣಗಿಸಲು ಜಾಗವಿಲ್ಲ, ಒಬ್ಬರ ಕೊಳವೆಯ ತುದಿ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿಯ ಮಟ್ಟದಲ್ಲಿರುತ್ತದೆ. ಊರಿನ ಮನೆಯ ನೆನಪಿಗೆಂದು ತಾರಸಿಯ ಮೇಲೆ ಬಾಯ್ಲರ್ ಕೂರಿಸುವವರು ಹೊಗೆಯನ್ನು ನೆರೆಯವರಿಗೆ ಹಂಚುತ್ತಾರೆ. ದಮ್ಮು ಇರುವವರು, ಎಳೆಗೂಸು ಇರುವ ಮನೆಯವರು ಹಿತ್ತಿಲಿದ್ದರೂ ಎರಡು ಬಾರಿ ಯೋಚಿಸಬೇಕು. ಬಾಣಂತಿಗೆ ಹಂಡೆಯ ನೀರೇ ಆಗಬೇಕೆಂಬ ನಂಬಿಕೆ ಬಲವಾಗಿದೆ. ಬಾಣಂತಿಯ ಮೈಗೆ ಬೇಕಾದದ್ದು ನೀರಿನ ಬಿಸಿ, ಅದು ಯಾವ ಉರಿಯಿಂದ ಬಂತೆಂಬುದನ್ನು ಮೈ ಕೇಳುವುದಿಲ್ಲ. ಹೊಗೆ ಮಾತ್ರ ತೊಟ್ಟಿಲಿನ ತನಕ ಹೋಗುತ್ತದೆ.

ಹಿತ್ತಿಲು, ತೆಂಗು, ಕಟ್ಟಿಗೆ ಕೊಟ್ಟಿಗೆ ಮೂರೂ ಇರುವ ಕಾರ್ಕಳ, ಕಾಪುವಿನ ಮನೆಗೆ ಒಲೆ ಈಗಲೂ ಸರಿಯಾದ ಆಯ್ಕೆ. ಖರ್ಚು ಮಾಡುವ ಕ್ರಮ ತಪ್ಪಬಾರದು: ಮೊದಲು ಕೊಟ್ಟಿಗೆಗೆ, ಆಮೇಲೆ ಕೊಳವೆಗೆ, ಉಳಿದದ್ದರಲ್ಲಿ ಒಲೆಗೆ. ಅಂಗಡಿಯಲ್ಲಿ ಹೊಳೆಯುವ ಬಾಯ್ಲರನ್ನು ಮೊದಲು ತಂದು ಕೊಟ್ಟಿಗೆಯನ್ನು ಮುಂದಿನ ವರ್ಷಕ್ಕೆ ಬಿಟ್ಟವರು ಜುಲೈನಲ್ಲಿ ಒದ್ದೆ ಕಟ್ಟಿಗೆ ಊದುತ್ತಾ ಕೂರುತ್ತಾರೆ.

ಉರಿಸುವ ದಿನಗಳಲ್ಲಿ ಬೂದಿಯನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆಯದಿದ್ದರೆ ಜಾಲರಿಗೆ ಗಾಳಿ ಸಿಗುವುದಿಲ್ಲ. ತೆಗೆದದ್ದನ್ನು ತಗಡಿನ ಡಬ್ಬಿಯಲ್ಲಿ ಒಂದು ದಿನ ಇಟ್ಟು, ಕೆಂಡ ಪೂರ್ತಿ ಆರಿದ ಮೇಲೆ ತೆಂಗಿನ ಬುಡಕ್ಕೆ ಹಾಕಿದರೆ ಅದರಲ್ಲಿರುವ ಪೊಟ್ಯಾಶ್ ಮರಕ್ಕೆ ಹೋಗುತ್ತದೆ. ಸೆಪ್ಟೆಂಬರ್ ಕಳೆದು ಮಳೆ ಕಡಿಮೆಯಾದಾಗ ಕೊಳವೆಯನ್ನು ಕಳಚಿ, ಉದ್ದ ಕೋಲಿಗೆ ಗೋಣಿ ಸುತ್ತಿ ಒಳಗಿನ ಮಸಿ ಕೆಡವಬೇಕು, ಹಂಡೆಯ ಸುತ್ತಲಿನ ಸಂದಿಯನ್ನೂ ಕೆರೆಯಬೇಕು. ಅದಕ್ಕೆ ದಿನ ಹುಡುಕುವ ಕಷ್ಟವಿಲ್ಲ. ದೀಪಾವಳಿಯ ಹೊಸ್ತಿಲಲ್ಲಿ ಬರುವ ನೀರು ತುಂಬುವ ಹಬ್ಬಕ್ಕೆ ಈ ಕಡೆಯ ಮನೆಗಳಲ್ಲಿ ಹಂಡೆಯನ್ನು ಹುಳಿ ಹಚ್ಚಿ ತಿಕ್ಕಿ ಬೆಳಗಿಸಿ, ಕೊರಳಿಗೆ ಬಳ್ಳಿ ಸುತ್ತಿ, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬಿಸಿಡುತ್ತಾರೆ. ಕೊಳವೆಯ ಮಸಿ ತೆಗೆಯುವ ಕೆಲಸ ಅದರ ಹಿಂದಿನ ದಿನ ಮುಗಿದಿರಬೇಕು.